ಫ್ಲ್ಯಾಶ್ ಸತ್ತಿತು, ಮಾಸ್ತರ ದನಿ ಒಳಗೇ ಉಳಿಯಿತು

ನಮ್ಮ ಹುನಗುಂದದ ಕಡೆ ಒಂದು ಯಂತ್ರ ಕೆಟ್ಟಿತೆಂದರೆ ಅದು ಒಬ್ಬರ ಮನೆಯ ಸಂಗತಿಯಾಗಿ ಉಳಿಯುವುದಿಲ್ಲ. ಮಿಕ್ಸರ್ ಕೆಟ್ಟರೆ ಓಣಿಯೇ ಬಂದು ಮೈ ಮುಟ್ಟಿ ನೋಡುತ್ತದೆ. ಟಿ.ವಿ. ಕೆಟ್ಟರೆ ಅದರ ತಲೆಗೆ ಎರಡು ಬಡಿಯುವವರು ಕರೆಯದೆಯೇ ಬರುತ್ತಾರೆ. ಹೀಗಾಗಿ ನಗುವಂಥ ಪ್ರಸಂಗಗಳಿಗೆ ಇಲ್ಲಿ ಬರವಿಲ್ಲ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ವಸ್ತು ಸತ್ತು, ಅದರ ಬೆನ್ನು ಹತ್ತಿ ನಾನು ಬಾದಾಮಿ, ಇಳಕಲ್ ಅಂತ ಬಸ್ಸು ಹತ್ತಿ ಇಳಿದದ್ದು ಮಾತ್ರ ಹೊಸದು.

ನಾನು ಇಳಕಲ್‌ನಲ್ಲಿ ಗ್ರ್ಯಾನೈಟ್ ಪಾಲಿಶ್ ಮಾಡಿ ಬೆಳೆದವನು. ಶಾಲೆ ಅರ್ಧಕ್ಕೆ ನಿಂತಿತು. ಕಾಯ್ದೆ ಓದಿದ್ದು, ಮನವಿ ಬರೆದದ್ದು, ಧರಣಿ ಕೂತದ್ದು ಎಲ್ಲ ಸ್ವಂತ ಕಲಿಕೆ. ಸಿಟ್ಟಷ್ಟೇ ಹುಟ್ಟಿನಿಂದ ಬಂದದ್ದು. ಆ ಸಿಟ್ಟೂ ಬೆರಗಾಗಿ ಬಾಯಿ ತೆರೆದು ನಿಂತ ಪ್ರಸಂಗಗಳು ಇವು.

೧. ಪಾಟಿ ಓದುವವರು

ನಮ್ಮ ಎದುರು ಮನೆಯಲ್ಲಿ ಒಬ್ಬ ನಿವೃತ್ತ ಕನ್ನಡ ಸಾಲಿ ಮಾಸ್ತರರಿದ್ದಾರೆ. ಅವರ ದನಿ ಎಂಥದಿತ್ತೆಂದರೆ, ಸಾಲಿಯಲ್ಲಿ ಅವರು "ಕುಂಡರ್ರಿ" ಅಂದರೆ ಹೊರಗೆ ಬಸ್ಸಿಗೆ ನಿಂತವರೂ ಕೂಡುತ್ತಿದ್ದರು. ಅವರಿಗೆ ಗಂಟಲಲ್ಲಿ ಗಡ್ಡೆಯಾಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಬರುವಾಗ ಒಂದು ಪಾಟಿ, ಒಂದು ಡಬ್ಬಿ ಬಳಪ ಕೊಂಡು ತಂದರು. ಅಂದಿನಿಂದ ಹೇಳಬೇಕಾದ್ದನ್ನೆಲ್ಲ ಪಾಟಿಯ ಮೇಲೆ ಬರೆದು ತೋರಿಸುತ್ತಾರೆ.

ಪೆಟ್ಟು ಬಿದ್ದದ್ದು ಇಲ್ಲಿ. ಅವರ ಹೆಂಡತಿಗೆ ಓದಲು ಬರುವುದಿಲ್ಲ.

ಇದರ ಬಗ್ಗೆ ನಾನು ಹಿಂದೆಯೇ ಮಾಸ್ತರರ ಮುಖಕ್ಕೆ ಹೇಳಿದ್ದೆ. "ಊರ ಹುಡುಗರಿಗೆಲ್ಲ ಅಕ್ಷರ ಹಂಚಿದ್ರಿ. ನಿಮ್ಮ ಅಡಿಗಿಮನಿ ಹೊಸ್ತಿಲಾ ದಾಟಲಿಲ್ಲೇನ್ರಿ ಅದು?" ಆಗ ಅವರಿಗೆ ದನಿ ಇತ್ತು. "ಆಕಿಗೆ ಪುರುಸೊತ್ತು ಎಲ್ಲೈತೋ?" ಅಂದಿದ್ದರು. ಪುರುಸೊತ್ತು ಯಾರಿಗೆ ಇರಲಿಲ್ಲ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ವೈನಿ, ಅಂದರೆ ಮಾಸ್ತರರ ಹೆಂಡತಿ, ಪಾಟಿ ಹಿಡಿದುಕೊಂಡು ಬಾಗಿಲಿಗೆ ಬರುವುದು, ಹಾದು ಹೋಗುವವರನ್ನು ಕರೆಯುವುದು. ಹಾಲಿನವನು ಓದಿದ, ಗಿರಣಿಯವನು ಓದಿದ, ಬಳೆಗಾರ್ತಿ ಓದಿದಳು. ಗಂಡ ಹೆಂಡಿರ ಮಾತೆಲ್ಲ ಓಣಿಯ ಮಾತಾಯಿತು. ಮಾಸ್ತರರಿಗೆ ಬೆನ್ನು ಕೆರೆಯುತ್ತದೆ ಎಂಬುದು ಮಾಸ್ತರರ ಹೆಂಡತಿಗಿಂತ ಮೊದಲು ಹಾಲಿನವನಿಗೆ ಗೊತ್ತಾಗುತ್ತಿತ್ತು.

ಒಂದು ದಿನ ನಾನೇ ಅವರ ಮನೆಯಲ್ಲಿ ಕೂತು ಸರಕಾರವನ್ನು ಬೈಯುತ್ತಿದ್ದೆ. ಮಾಸ್ತರರು ಏನೋ ಬರೆದು ವೈನಿಗೆ ಕೊಟ್ಟರು. ವೈನಿ ಅದನ್ನು ಸೀದಾ ನನ್ನ ಕೈಗೆ ಕೊಟ್ಟರು. "ಏನಂತಾರ ನೋಡು ತಮ್ಮಾ."

ನೋಡಿದೆ. "ಇಂವಾ ಭಾಳ ಮಾತಾಡ್ತಾನ. ಲಗೂನ ಕಳಸು" ಅಂತ ಇತ್ತು.

ಮಾಸ್ತರರು ಚಾವಣಿ ನೋಡತೊಡಗಿದರು. ನಾನು ಗಂಟಲು ಸರಿಮಾಡಿಕೊಂಡು ಓದಿದೆ: "ಪಾಪ, ಭಾಳ ಹೊತ್ತಿನಿಂದ ಮಾತಾಡಾಕತ್ತಾನ. ಲಗೂನ ಚಾ ಮಾಡು."

ಚಹಾ ಬಂತು. ಜೊತೆಗೆ ಚೂಡಾನೂ ಬಂತು.

೨. ಪೆನ್ಶನ್ ಐತೇನು?

ಚಹಾ ಕುಡಿದ ಋಣಕ್ಕೆ ನಾನೇ ಮಾತು ತೆಗೆದೆ. "ವೈನಿ, ಓಣ್ಯಾಗಿನ ಕಾಲೇಜಿನ ಹುಡುಗೀನ ಕಳಸ್ತೇನಿ. ನಿಮಗ ಅ ಆ ಕಲಸ್ತಾಳ. ಇವರು ಬರದದ್ದು ನೀವ ಓದ್ರಿ."

ವೈನಿ ಸೆಟೆದು ನಿಂತರು. "ಮಾಸ್ತರ ಹೇಂತಿ ಆಗಿ ಮಂದಿ ಕಡೆ ಅ ಆ ಕಲೀಲೇನು? ಕಲತರ ಇವರ ಕಡೇನ ಕಲೀತೇನಿ. ಇಲ್ಲಂದ್ರ ಆ ಪಾಟಿ ಮ್ಯಾಲೆ ರೊಟ್ಟಿ ಬಡೀತೇನಿ."

ನ್ಯಾಯದ ಮಾತು. ಆದರೆ ದನಿಯಿಲ್ಲದ ಗಂಡ "ಅ" ಬರೆದರೆ, ಅದು "ಅ" ಅಂತ ಹೇಳುವವರು ಯಾರು? ಆಮೇಲೆ ಮಾಸ್ತರರು ಬರೆದರು. ಅದನ್ನು ನಾನು ಎರಡು ಸಲ ಓದಿದೆ.

"ನನ್ನ ದನಿ ಟ್ರಂಕಿನಾಗ ಐತಿ."

ಟ್ರಂಕಿನ ತಳದಲ್ಲಿ ಒಂದು ಸಿ.ಡಿ. ಇತ್ತು. ಅವರ ಸಾಲಿಗೆ ಮೊದಲ ಕಂಪ್ಯೂಟರು ಬಂದಾಗ ಜೊತೆಗಿದ್ದ ಒಬ್ಬ ಹರೆಯದ ಶಿಕ್ಷಕ ಮಕ್ಕಳಿಗಾಗಿ ಅಕ್ಷರದ ಆಟ ಮಾಡಿದ್ದನಂತೆ. ಪರದೆಯ ಮೇಲೆ ಅಕ್ಷರಗಳು ಕುಣಿಯುತ್ತವೆ. ಮೌಸ್ ಒತ್ತಿದರೆ ಮಾಸ್ತರರ ದನಿ ಹೇಳುತ್ತದೆ. ಅ ಅಂದರೆ ಅಗಸಿ, ಆ ಅಂದರೆ ಆಕಳ, ಇ ಅಂದರೆ ಇಣಚಿ, ಅಂದರೆ ಅಳಿಲು. ಯೋಚನೆ ಮಾಡಿ. ಮನುಷ್ಯನ ಗಂಟಲಿಂದ ತೆಗೆದು ಒಗೆದದ್ದು ಅವನದೇ ಟ್ರಂಕಿನಲ್ಲಿ, ಹಳೆಯ ಧೋತರದ ಕೆಳಗೆ, ಹೊಳೆಯುತ್ತ ಮಲಗಿತ್ತು.

ಬೇರೆ ಊರಿನಲ್ಲಿರುವ ಮಾಸ್ತರರ ಮಗಳು ಕೊಡಿಸಿದ ಕಂಪ್ಯೂಟರಿಗೆ ಸಿ.ಡಿ. ಹಾಕಿದೆವು. ಬ್ರೌಸರ್ ತೆರೆಯಿತು. ಮೇಲೆ "ನಮ್ಮ ಅಕ್ಷರ" ಅಂತ ಚೆಂದದ ಹೆಸರು. ಕೆಳಗೆ ಆಟ ಇರಬೇಕಾದ ಕಡೆ ಒಂದು ಬೂದು ಬಣ್ಣದ ಚೌಕ, ಮಳೆಗಾಲದ ಮೋಡದ ಹಾಗೆ. ಅದರೊಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಪ್ಲಗಿನ್ ನಡೆಯುವುದಿಲ್ಲ.

ನಾನು ಓದಿ ಹೇಳಿದೆ. ವೈನಿ ಸಿಟ್ಟಾದರು. "ಪ್ಲಗ್ ಇನ್ ಐತಲ್ಲೋ, ನಾನ ಹಾಕೇನಿ!" ಕಿತ್ತು ಮತ್ತೆ ಹಾಕಿದರು. ಆಮೇಲೆ ಮಿಕ್ಸರಿನ ಪಾಯಿಂಟಿಗೆ ಹಾಕಿ ನೋಡಿದರು. ಮೋಡ ಕರಗಲಿಲ್ಲ.

ಇಂಟರ್ನೆಟ್ ಸೆಂಟರಿನವನನ್ನು ಕರೆತಂದೆ. ಅವನು ನೋಡಿದ ಕೂಡಲೇ ಹೆಣ ನೋಡಿದ ಡಾಕ್ಟರ ಹಾಗೆ ಕೈ ಹಿಂದಕ್ಕೆ ಕಟ್ಟಿದ. "ಇದಕ್ಕ ಫ್ಲ್ಯಾಶ್ ಬೇಕ್ರಿ. ಚಿತ್ರಾ, ಆಟಾ, ದನಿ ಎಲ್ಲಾ ಓಡಸೂದು ಅದ ಇತ್ತು. ಈಗಿಲ್ಲ."

"ಇಲ್ಲಂದ್ರ? ತರಸು."

"ಎಲ್ಲಿಂದ ತರಸ್ಲಿ? ಮಾಡಿದ ಕಂಪನಿಯವರ ಬಂದ್ ಮಾಡ್ಯಾರ. ಇಡೀ ಜಗತ್ತಿನಾಗ ಬಂದ್. ರಿಟೈರ್ ಆತ್ರಿ ಅದು."

ನನಗೆ ರಕ್ತ ತಲೆಗೇರಿತು. ಸಮುದ್ರದ ಆಚೆ ಯಾರೋ ಕುರ್ಚಿಯಲ್ಲಿ ಕೂತು ಸಾಕು ಅಂದರೆ ಹುನಗುಂದದಲ್ಲಿ ಒಬ್ಬ ಮಾಸ್ತರ "ಅ" ಅನ್ನುವ ಹಾಗಿಲ್ಲವೇ? ಸಿಟ್ಟಿನ ಹಿಂದೆಯೇ ಬೆರಗೂ ಬಂತು. ಒಂದು ಹಳ್ಳಿಯ ರಸ್ತೆ ಬಂದ್ ಮಾಡಲು ನಾವು ಬೆಳಗಿನಿಂದ ಕೂತು ಗಂಟಲು ಹರಿದುಕೊಳ್ಳುತ್ತೇವೆ. ಇವರು ಇಡೀ ಜಗತ್ತನ್ನು ಸದ್ದಿಲ್ಲದೆ ಬಂದ್ ಮಾಡಿದ್ದರು.

ನಾನು ಹೀಗೆ ಕೂಗಾಡುತ್ತಿರುವಾಗ ಮಾಸ್ತರರು ಪಾಟಿ ಎತ್ತಿ ಸೆಂಟರಿನವನಿಗೆ ತೋರಿಸಿದರು. "ಪೆನ್ಶನ್ ಐತೇನು ಅದಕ್ಕ?"

"ಇಲ್ರೀ ಸರ."

ಮಾಸ್ತರರು ಅದನ್ನು ಒರೆಸಿ, ನಿಧಾನಕ್ಕೆ ಬರೆದರು: "ಪಾಪ."

೩. ಪೇಂಟರ್ ಮಾಡಿದ ತಿದ್ದುಪಡಿ

ನನಗೆ ಗೊತ್ತಿರುವ ಔಷಧ ಒಂದೇ, ಧರಣಿ. ಕಂಪನಿಯ ಬಾಗಿಲು ದೂರ. ಹತ್ತಿರದ ಬಾಗಿಲು ಸರಕಾರದ್ದು. ಯಾವ ಊರು, ಯಾವ ಕಚೇರಿ ಅಂತ ಹೇಳುವುದಿಲ್ಲ, ಒಂದು ಕಚೇರಿ ಅನ್ನಿ. ಮಕ್ಕಳ ಪಾಠದ ಸಿ.ಡಿ.ಗಳೆಲ್ಲ ಇದರಿಂದ ಸತ್ತಿವೆ, ಸರಕಾರ ಬಾಯಿ ಬಿಡಲಿ ಅನ್ನುವುದು ನನ್ನ ಬೇಡಿಕೆ. ಪೇಂಟರ್ ಒಬ್ಬನಿಗೆ ಬೋರ್ಡು ಬರೆಯಲು ಹೇಳಿ, ಚೀಟಿಯಲ್ಲಿ ಘೋಷಣೆ ಬರೆದುಕೊಟ್ಟೆ: "ಫ್ಲ್ಯಾಶ್ ಬಂದ್! ಉತ್ತರ ಕೊಡಿ!"

ಬೆಳಿಗ್ಗೆ ಬೋರ್ಡು ಬಂತು. ಓದುವ ಪುರುಸೊತ್ತಿಲ್ಲದೆ ಗೇಟಿಗೆ ಒರಗಿಸಿ, ಅದಕ್ಕೆ ಬೆನ್ನು ಮಾಡಿ ಕೂತು ಕೂಗಲು ಶುರು ಮಾಡಿದೆ.

ನನ್ನ ಧರಣಿಗೆ ಜನ ಬರುವುದು ಕಡಿಮೆ. ಅವತ್ತು ಆಶ್ಚರ್ಯ. ಮೊದಲು ಕಚೇರಿಯ ಇಬ್ಬರು ಹೆಣ್ಣುಮಕ್ಕಳು ಬಂದು ಕೂತರು. "ಛಲೋ ಮಾಡಿದ್ರಿ ಅಣ್ಣಾ. ಹೇಳಿ ಹೇಳಿ ನಮಗ ಸಾಕಾಗಿತ್ತು." ಆಮೇಲೆ ಕೆಲಸಕ್ಕೆ ಬಂದ ರೈತರು, ಪೆನ್ಶನ್ ಮುದುಕರು, ಕೊನೆಗೆ ಕಚೇರಿಯ ಜವಾನನೇ ಬಂದು ಕೂತ. ನನ್ನ ಕಣ್ಣು ತೇವವಾಯಿತು. ಕನ್ನಡದ ಮಕ್ಕಳ ಪಾಠದ ಬಗ್ಗೆ ಈ ಜನಕ್ಕೆ ಇಷ್ಟು ಕಳಕಳಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಇದು ಬರೇ ನಮ್ಮ ಸಮಸ್ಯೆ ಅಲ್ಲ," ಅಂತ ಭಾಷಣ ಮಾಡಿದೆ. "ಇಡೀ ಜಗತ್ತಿನಾಗ ಬಂದ್ ಆಗೈತಿ!"

"ಜಗತ್ತಿನಾಗ?" ಒಬ್ಬ ಮುದುಕ ಗಾಬರಿಯಾದ. "ಹಂಗಾದ್ರ ಮಂದಿ ಎಲ್ಲಿ ಹೋಗ್ಬೇಕೋ ಯಪ್ಪಾ?"

ನನಗೆ ಆಗ ಏನೋ ಹೊಳೆದು ತಿರುಗಿ ಬೋರ್ಡು ನೋಡಿದೆ. "ಫ್ಲಶ್ ಬಂದ್! ಉತ್ತರ ಕೊಡಿ!" ಅಂತ ಕೆಂಪು ಅಕ್ಷರದಲ್ಲಿ ಹೊಳೆಯುತ್ತಿತ್ತು. ಆಮೇಲೆ ಪೇಂಟರನ್ನು ಹಿಡಿದಾಗ ಅವನು ಎದೆ ಉಬ್ಬಿಸಿ ಹೇಳಿದ, "ನೀವು ಬರದದ್ದರಾಗ ತಪ್ಪಿತ್ರಿ. ನಾನ ತಿದ್ದೇನಿ."

ಇತ್ತ ಧರಣಿಗೆ ಕಚೇರಿಯ ಸಾಹೇಬರೇ ಹೊರಗೆ ಬಂದು ಕೈ ಮುಗಿದರು. ಊಟದ ಹೊತ್ತಿಗೆ ಪ್ಲಂಬರ್ ಬಂದ. ಸಂಜೆ ಕಚೇರಿಯ ಪಾಯಖಾನೆಯಲ್ಲಿ ನೀರು ಬಿಟ್ಟು ತೋರಿಸಿದರು. ಜನ ಚಪ್ಪಾಳೆ ಹೊಡೆದು ನನಗೆ ಹಾರ ಹಾಕಿದರು.

ಇಷ್ಟು ವರ್ಷದ ಹೋರಾಟದಲ್ಲಿ ಅದೇ ದಿನ ಕೂತು ಅದೇ ದಿನ ಗೆದ್ದದ್ದು ಇದೊಂದೇ.

೪. ಮಂಗ್ಯಾನ ತಪಾಸಣೆ

ಹಾರ ಹಾಕಿಕೊಂಡು ಬಂದವನನ್ನು ನೋಡಿ ವೈನಿ ಆಸೆಯಿಂದ ಕೇಳಿದರು, "ಆತೇನೋ ತಮ್ಮಾ? ಇವರ ದನಿ ಬಂತೇನು?" ನೀರು ಬಂತು ಅಂತ ಹೇಗೆ ಹೇಳಲಿ? ಮರುದಿನವೇ ಸಿ.ಡಿ. ತಗೊಂಡು ಬಾದಾಮಿ ಬಸ್ಸು ಹತ್ತಿದೆ. ಆಟ ಮಾಡಿದ ಆ ಶಿಕ್ಷಕ ಈಗ ನೌಕರಿ ಬಿಟ್ಟು ಅಲ್ಲಿ ಪ್ರವಾಸಿಗರಿಗೆ ಗುಹೆ ತೋರಿಸುವ ಕೆಲಸ ಮಾಡುತ್ತಾನೆ ಅಂತ ಮಾಸ್ತರರು ಬರೆದುಕೊಟ್ಟಿದ್ದರು.

ಸಿಕ್ಕ. ತಲೆ ನರೆತಿತ್ತು. ಹದಿನೆಂಟು ಕೈಯ ನಟರಾಜನ ಮುಂದೆ ನಿಂತು ಯಾರಿಗೋ ವಿವರಿಸುತ್ತಿದ್ದ. ಮುಗಿಸಿ ಬಂದು ನನ್ನ ಮಾತು ಕೇಳಿ ಮೆಟ್ಟಿಲ ಮೇಲೆ ಕೂತ. "ಮಾಸ್ತರ ದನಿ ಹೋತ್ರಿ? ಆ ದನಿ?"

ಆಮೇಲೆ ನಟರಾಜನ ಕಡೆ ಕೈ ಮಾಡಿದ. "ನೋಡ್ರಿ. ಯಾವ ರಾಜಾ ಹೋದ, ಯಾವ ರಾಜಾ ಬಂದ. ಇಂವಾ ಕುಣಿಯೂದು ಬಿಟ್ಟಿಲ್ಲ. ನಾನೂ ಅಕ್ಷರ ಕುಣಿಸಿದ್ನ್ರಿ. ಮಾಡಿದವರ ತಲಿ ಬೆಳ್ಳಗಾಗೂದರಾಗ ನಿಂತು ಹೋದುವು."

ನಾನು ಕಲ್ಲಿನ ಕೆಲಸದಿಂದ ಬಂದವನು. ಕಲ್ಲು ಎಷ್ಟು ಹಟಮಾರಿ ಅಂತ ನನ್ನ ಅಂಗೈಗೆ ಗೊತ್ತು. ಆ ಹಟಮಾರಿಯನ್ನು ಕುಣಿಸಿದವನ ಹೆಸರು ಯಾರಿಗೂ ಗೊತ್ತಿಲ್ಲ. ನಾನು ಬಹಳ ಹೊತ್ತು ನೋಡಿದೆ. ಮಾತು ಬರಲಿಲ್ಲ. ನನಗೆ ಮಾತು ಬರಲಿಲ್ಲ ಅಂದರೆ ನಮ್ಮ ಊರಿನಲ್ಲಿ ಯಾರೂ ನಂಬುವುದಿಲ್ಲ.

"ಮತ್ತ ಮಾಡಿ ಕೊಡ್ರಿ," ಅಂದೆ.

"ಮಾಸ್ತರ ದನಿ ಬಿಡಿಯಾಗಿ ನನ್ನ ಕಡೆ ಇಲ್ರಿ. ಎಲ್ಲಾ ಆ ಆಟದ ಹೊಟ್ಟ್ಯಾಗ ಹೋಗಿ ಸಿಕ್ಕೊಂಡಾವ. ಅದು ಓಡಿದ್ರನ ದನಿ." ಆಮೇಲೆ ಏನೋ ನೆನಪಾಗಿ ಹೇಳಿದ, "ಒಂದು ಹಾದಿ ಐತಿ. ಫ್ಲ್ಯಾಶ್ ಇನ್ನೂ ಹೊಟ್ಟ್ಯಾಗ ಇಟ್ಕೊಂಡ ಹಳೇ ಕಂಪ್ಯೂಟರ್ ಹುಡಕ್ರಿ. ಲಾಕ್‌ಡೌನ್ ವ್ಯಾಳ್ಯಾದಾಗ ಮುಚ್ಚಿಟ್ಟದ್ದು, ಆಮ್ಯಾಲೆ ನೆಟ್ಟಿಗೆ ಹಚ್ಚದ್ದು. ಫ್ಲ್ಯಾಶ್ ಖರೇ ಅಂದ್ರ ಸತ್ತಿಲ್ರಿ. ಅದು ಕಂಪ್ಯೂಟರಿನಾಗಿನ ತಾರೀಖು ನೋಡತೈತಿ. ರಿಟೈರ್ ಆಗೂ ದಿನಾ ದಾಟೇತಿ ಅಂತ ಗೊತ್ತಾದ ಕೂಡ್ಲೇ ಕೆಲಸಾ ಬಿಡತೈತಿ. ತಾರೀಖು ಹಿಂದಕ ಸರಸ್ರಿ, ಎದ್ದು ಕುಂಡರತೈತಿ."

ನಾನು ಬಾಯಿ ತೆರೆದು ಕೇಳುತ್ತಿದ್ದೆ. ಅಷ್ಟರಲ್ಲಿ ಕೈಯಲ್ಲಿದ್ದ ಸಿ.ಡಿ. ಇಲ್ಲ! ಬಾದಾಮಿಯ ಮಂಗ್ಯಾ. ಎತ್ತಿಕೊಂಡು ಬಂಡೆ ಹತ್ತಿ ಕೂತಿತು. ಹಿಂದೆ ಮುಂದೆ ತಿರುಗಿಸಿತು. ಹೊಳೆಯುವ ಬದಿಯಲ್ಲಿ ತನ್ನ ಮುಖ ನೋಡಿ ಹಲ್ಲು ಕಿಸಿಯಿತು. ಬಾಯಿಗೆ ಹಾಕಿ ಕಡಿಯಲು ನೋಡಿತು. ವೈನಿಯ ಅಕ್ಷರಗಳೆಲ್ಲ ಆ ಹಲ್ಲುಗಳ ನಡುವೆ ಇದ್ದವು. ನಾನು ಸರಕಾರದ ಮುಂದೆಯೂ ಎಂದೂ ಜೋಡಿಸದ ಕೈಗಳನ್ನು ಜೋಡಿಸಿದೆ. "ಯಪ್ಪಾ ಹಣಮಪ್ಪಾ, ಒಂದ ಒಂದು ಐತೋ ಅದು!"

ಮಂಗ್ಯಾ ಇನ್ನೊಮ್ಮೆ ನೋಡಿ, ಬೇಸರದಿಂದ ಕೆಳಗೆ ಒಗೆಯಿತು. ಶಿಕ್ಷಕ ಹಾರಿ ಹಿಡಿದ.

"ಅದಕ್ಕೂ ಗೊತ್ತಾತ್ರಿ," ಅಂದ, ಒರೆಸಿ ಕೊಡುತ್ತ. "ಓಡೂದಿಲ್ಲ ಅಂತ."

೫. ಬ್ಯಾಕ್ ಡೇಟ್

ಅಂಥ ಕಂಪ್ಯೂಟರು ಇಳಕಲ್‌ನ ಒಬ್ಬ ಸೀರೆ ವ್ಯಾಪಾರಿ ಸಾಹೇಬರ ಅಂಗಡಿಯಲ್ಲಿ ಸಿಕ್ಕಿತು. ಅವರ ಅಜ್ಜನ ಕಾಲದಿಂದ ಮಗ್ಗ ಇಟ್ಟ ಮನೆತನ. ಹಿಂದೆ ಗಿರಾಕಿಗೆ ಒಡಲಿನ ಬಣ್ಣ, ಸೆರಗಿನ ಬಣ್ಣ ಕೂಡಿಸಿ ತೋರಿಸಲು ಅದೇ ಫ್ಲ್ಯಾಶಿನ ಒಂದು ಆಟ ಹಾಕಿಸಿದ್ದರು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದಾಗ ಬಟ್ಟೆ ಹೊದಿಸಿದ್ದು, ಹಾಗೇ ಇತ್ತು.

ನಾನು ಮಾಸ್ತರರ ಕಥೆ ಹೇಳಿ, ಪ್ಲಗಿನ್ ಅಂದರೆ ಏನು ಅಂತ ವಿವರಿಸಲು ಹೊರಟೆ. ಸಾಹೇಬರು ಕೈ ಅಡ್ಡ ಮಾಡಿದರು. "ತಿಳೀತು ಬಿಡ್ರಿ. ನಮ್ಮ ಸೀರಿಗೆ ಒಡಲಿನ ಹಾಸು, ಅಂದ್ರ ಉದ್ದನ್ನ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ. ನಡುವ ಎಳಿಗೆ ಎಳಿ ಕೊಂಡಿ ಹಾಕ್ತೇವಿ. ಕೊಂಡಿ ಬಿಚ್ಚಿದ್ರ ಸೀರಿ ಇಲ್ಲ, ಎರಡು ಅರಿವಿ ತುಂಡು ಅಷ್ಟ." ಆಮೇಲೆ ಗಲ್ಲಕ್ಕೆ ಕೈ ಹಚ್ಚಿ ಕೇಳಿದರು, "ಅಲ್ರಿ, ಜಗತ್ತಿನ ಕೊಂಡೀನ ಒಂದ ದಿನಾ ಬಿಚ್ಯಾರೇನ್ರಿ? ಭಾಳ ಧೈರ್ಯದ ಮಂದಿ!"

ಕಂಪ್ಯೂಟರು ಏದುಸಿರು ಬಿಡುತ್ತ ಎದ್ದಿತು. ಸಿ.ಡಿ. ಹಾಕಿದೆ. ಫ್ಲ್ಯಾಶ್ ಒಳಗೆ ಇತ್ತು, ಆದರೆ ಬಾಯಿ ಬಿಡಲಿಲ್ಲ. "ಇದರ ತಾರೀಖು ಹಿಂದಕ ಹಾಕಬೇಕ್ರಿ," ಅಂದೆ. ಎಲ್ಲಿ ಒತ್ತಬೇಕು ಅಂತ ನನಗೂ ಗೊತ್ತಿಲ್ಲ, ಸಾಹೇಬರಿಗೂ ಗೊತ್ತಿಲ್ಲ.

ಹಿಂದಿನಿಂದ ಒಂದು ದನಿ ಬಂತು. "ಬ್ಯಾಕ್ ಡೇಟೇನು? ಯಾವ ತಾರೀಖು ಬೇಕು?"

ತಿರುಗಿದೆ. ಮಗಳಿಗೆ ಸೀರೆ ಕೊಳ್ಳಲು ಬಂದಿದ್ದ ಒಬ್ಬ ನಿವೃತ್ತ ಗುಮಾಸ್ತರು. ಕಾಗದಕ್ಕೆ ಹಿಂದಿನ ತಾರೀಖು ಹಾಕುವುದರಲ್ಲಿ ಎತ್ತಿದ ಕೈ ಅಂತ ಅವರ ಕಚೇರಿಯ ಮುಂದೆ ನಾನೇ ಮೈಕ್ ಹಚ್ಚಿ ಬೈದಿದ್ದೆ. "ಬ್ಯಾಕ್ ಡೇಟ್ ರಾಯರಿಗೆ ಧಿಕ್ಕಾರ" ಅನ್ನುವ ಘೋಷಣೆ ನನ್ನದೇ.

ಅವರೂ ಗುರುತು ಹಿಡಿದರು. ಮುಖ ಅರಳಿತು. "ಓಹೋ! ಹೋರಾಟಗಾರ್ರು! ಬರ್ರಿ ಬರ್ರಿ. ನಿಮಗೇನು ಬೇಕಾಗೇತಿ?"

"ತಾರೀಖು..."

"ಕೇಳಸವಲ್ದು. ಮೈಕಿನಾಗ ಅಂತಿದ್ರೆಲ್ಲ, ಹಂಗ ಗಟ್ಟಿಯಾಗಿ ಹೇಳ್ರಿ."

ಅಂಗಡಿಯಲ್ಲಿದ್ದ ಹೆಣ್ಣುಮಕ್ಕಳೆಲ್ಲ ಸೀರೆ ಬಿಟ್ಟು ನನ್ನನ್ನು ನೋಡುತ್ತಿದ್ದರು. ಪಾಟಿ ಹಿಡಿದು ಬಾಗಿಲಲ್ಲಿ ನಿಂತ ವೈನಿ ಕಣ್ಣ ಮುಂದೆ ಬಂದರು. ಹಲ್ಲು ಕಚ್ಚಿ ಕೂಗಿದೆ, "ನನಗ ಬ್ಯಾಕ್ ಡೇಟ್ ಬೇಕ್ರೀ!"

"ಹಂಗ ಬರ್ರಿ ಹಾದಿಗೆ."

ಗುಮಾಸ್ತರು ಕೂತರು. ಕನ್ನಡಕ ಏರಿಸಿದರು. ಏನು ಬೆರಳು ಅವು! ನಾನು ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಕಲೆಯನ್ನು ಕಲೆ ಅನ್ನಲೇಬೇಕು. ಮೂಲೆಯ ಗಡಿಯಾರದ ಮೇಲೆ ಒತ್ತಿದರು, ವರ್ಷ ಇಳಿಸಿದರು, ತಿಂಗಳು ಇಳಿಸಿದರು. "ಐತವಾರ ಬೀಳಬಾರದ್ರಿ. ಸಿಕ್ಕಿ ಬೀಳ್ತೇವಿ," ಅಂತ ಅಭ್ಯಾಸಬಲದಿಂದ ಒಂದು ಸೋಮವಾರ ಆರಿಸಿದರು.

ಬೂದು ಚೌಕ ಮಾಯವಾಯಿತು. ಅಕ್ಷರಗಳು ಹಕ್ಕಿಯ ಹಿಂಡಿನ ಹಾಗೆ ಎಲ್ಲಿಂದಲೋ ಬಂದು ಕೂತವು. ಆಮೇಲೆ ಅಂಗಡಿಯ ಗೋಡೆ ನಡುಗುವ ಹಾಗೆ ಆ ದನಿ: "ಅ! ಅ ಅಂದ್ರ ಅಗಸಿ! ಎಲ್ಲಾರೂ ಅನ್ರಿ!"

ಎಲ್ಲರೂ ಅಂದರು. ಸಾಹೇಬರು ಅಂದರು, ಗುಮಾಸ್ತರು ಅಂದರು, ಸೀರೆ ಹಿಡಿದ ಹೆಣ್ಣುಮಕ್ಕಳು ಅಂದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಬಾಗಲಕೋಟೆಯಲ್ಲಿ ಕತ್ತರಿಸಿ ತೆಗೆದದ್ದು ಇಳಕಲ್‌ನಲ್ಲಿ ಮಾತಾಡುತ್ತಿತ್ತು. ಸಾಹೇಬರು ಕಣ್ಣು ಒರೆಸಿಕೊಂಡು, "ಒಯ್ರಿ ಇದನ್ನ. ಮಾಸ್ತರ ಮನ್ಯಾಗ ಇರಲಿ," ಅಂದರು.

ಆಗ ಮಾತು ತೆಗೆದದ್ದು ಮೂಲೆಯಲ್ಲಿ ಕೂತ ಒಬ್ಬ ಅಜ್ಜಿ. ಕೈಯಲ್ಲಿ ಒಂದು ಕೆಂಪು ಸೆರಗಿನ ಸೀರೆ.

"ಸಾಹೇಬ್ರ, ತಾರೀಖು ಹ್ಯಾಂಗೂ ಹಿಂದಕ ಹೋತಲ್ಲ. ಈ ಸೀರಿಗೂ ಆವಾಗಿನ ರೇಟ ಹಚ್ಚರಿ."

೬. ಶಾಬಾಸ್

ಹುನಗುಂದದ ಮನೆಯಲ್ಲಿ ಕಂಪ್ಯೂಟರು ಕೂಡಿಸಿದೆವು. ವೈನಿ ತಲೆಯ ಮೇಲೆ ಸೆರಗು ಹೊದ್ದು, ದೇವರ ಮುಂದೆ ಕೂತ ಹಾಗೆ ಕೂತರು. ಮಾಸ್ತರರು ಬಾಗಿಲಿಗೆ ಆತು ನಿಂತರು. ತಮ್ಮದೇ ದನಿ ಕೇಳಿದಾಗ ಅವರ ಕೈ ತಾನಾಗಿಯೇ ಗಂಟಲಿಗೆ ಹೋಯಿತು. ಬಹಳ ಹೊತ್ತು ಅಲ್ಲೇ ಇತ್ತು. ನಾನು ಬೇರೆ ಕಡೆ ನೋಡಿದೆ.

ದನಿ ಕೇಳಿತು, "ಆಕಳದ ಆ ಎಲ್ಲೈತಿ? ಒತ್ತು!"

ವೈನಿ ಮೌಸ್ ಸರಿಸಿ ಇ ಒತ್ತಿದರು.

"ತಪ್ಪಾತು! ಕಣ್ಣ ತಗದು ನೋಡು!"

ವೈನಿ ಬೆಚ್ಚಿ ಹಿಂದಕ್ಕೆ ಸರಿದು ಮಾಸ್ತರರ ಕಡೆ ತಿರುಗಿದರು. "ಖರೇನ ಇವರ ಅದಾರ. ಬೈಯೂದು ಹಂಗ ಐತಿ."

ಎರಡನೆಯ ಸಲ ಹುಡುಕಿ ಹುಡುಕಿ ಆ ಒತ್ತಿದರು. ಕಂಪ್ಯೂಟರಿನಲ್ಲಿ ಗಂಟೆ ಮೊಳಗಿತು, ಪರದೆಯ ಮೇಲೆ ಹೂವು ಉದುರಿದವು. "ಶಾಬಾಸ್! ಭಾಳ ಶಾಣ್ಯಾ ಅದೀ!"

ವೈನಿ ಗರ ಬಡಿದವರಂತೆ ಕೂತರು. ಆಮೇಲೆ ಮತ್ತೆ ಆ ಒತ್ತಿದರು. "ಶಾಬಾಸ್! ಭಾಳ ಶಾಣ್ಯಾ ಅದೀ!" ಮತ್ತೆ ಒತ್ತಿದರು. ಮತ್ತೆ ಶಾಬಾಸ್. ಇ, ಈ, ಉ ಎಲ್ಲ ಬಿಟ್ಟು ಒಂದೇ ಸಮನೆ ಆ ಒತ್ತುತ್ತಿದ್ದರು.

"ವೈನಿ, ಅದು ಬಂತಲ್ರಿ. ಮುಂದಿಂದು ಒತ್ತರಿ," ಅಂದೆ.

"ಸುಮ್ಮ ಕುಂಡ್ರೋ ತಮ್ಮಾ. ಮದುವಿ ಆದಾಗಿಂದ ಇವರ ಬಾಯಾಗ ಶಾಬಾಸ್ ಅನ್ನೂದು ಕೇಳಿದ್ದಿಲ್ಲ. ಎಲ್ಲಾ ಬಾಕಿ ಇವತ್ತ ವಸೂಲಿ ಮಾಡ್ತೇನಿ."

ಮಾಸ್ತರರು ಪಾಟಿ ಎತ್ತಿದರು, ಏನೋ ಬರೆಯಲು ಹೊರಟರು, ಬಿಟ್ಟರು. ಬರೆದರೂ ಓದುವವರು ಖಾಲಿ ಇರಲಿಲ್ಲ.

೭. ಒತ್ತಕ್ಷರ

ಅಕ್ಷರ ಮುಗಿದವು, ಕಾಗುಣಿತದ ಬಳ್ಳಿ ಮುಗಿಯಿತು. ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಬೆರಳಿಂದ "ಕೀ" ಬರೆದು ಅಳಿಸುವುದನ್ನು ನಾನೇ ಕಂಡೆ. ಆ ವಯಸ್ಸಿನಲ್ಲಿ, ಆ ಹಟ. ಕಲ್ಲು ಕುಣಿಸಿದವನನ್ನು ನೋಡಿ ಬೆರಗಾಗಿ ಬಾದಾಮಿಯಿಂದ ಬಂದಿದ್ದೆ. ಅಷ್ಟೇ ದೊಡ್ಡ ಕೆಲಸ ನಮ್ಮ ಎದುರು ಮನೆಯ ಹಿಟ್ಟು ನಾದುವ ಕೊಣಮಿಗೆಯಲ್ಲಿ ನಡೆದಿತ್ತು.

ಆಮೇಲೆ ಒಂದು ದಿನ ಆಟ ನಿಂತಿತು. ಕೆಟ್ಟಿರಲಿಲ್ಲ, ಮುಗಿದಿತ್ತು. ಒತ್ತಕ್ಷರದ ಪಾಠಕ್ಕೆ ಬರುವಷ್ಟರಲ್ಲಿ ಆ ಹರೆಯದ ಶಿಕ್ಷಕನಿಗೆ ವರ್ಗಾವಣೆಯಾಗಿತ್ತಂತೆ. ಮಾಸ್ತರರ ದನಿ ಇದ್ದದ್ದೇ ಅಷ್ಟು. ವೈನಿ ಮೌಸ್ ಒತ್ತಿ ಒತ್ತಿ ನೋಡಿದರು. "ಇಷ್ಟನ? ಮುಂದಿಂದು ಯಾರು ಹೇಳ್ತಾರ?" ಅಂದವರ ಮುಖ ನನಗೆ ನೋಡಲಾಗಲಿಲ್ಲ.

ಅಂದಿನಿಂದ ಮಾಸ್ತರರು ಒತ್ತಕ್ಷರ ಇಲ್ಲದ ಮಾತನ್ನೇ ಬರೆಯಬೇಕಾಯಿತು. ಆಗ ನಮಗೆ ಗೊತ್ತಾಯಿತು, ಕನ್ನಡದಲ್ಲಿ ಬಾಯಿಗೆ ರುಚಿಯಾದದ್ದಕ್ಕೆಲ್ಲ ಒತ್ತು ಇದೆ. ರೊಟ್ಟಿಗೆ ಒತ್ತು. ಪಲ್ಯಕ್ಕೆ ಒತ್ತು. ಚಟ್ನಿ, ಬೆಣ್ಣಿ, ಮಜ್ಜಿಗಿ, ಬೆಲ್ಲ, ಒಂದನ್ನೂ ಕೇಳುವ ಹಾಗಿಲ್ಲ. ಮಾಸ್ತರರು "ನೀರು ಕೊಡು" ಬರೆದರು, ನೀರು ಬಂತು. "ಹಾಲು ಕೊಡು" ಬರೆದರು, ಹಾಲು ಬಂತು. ಹಾಗೇ ಹುಡುಕುತ್ತ ಹೋಗಿ ಒಂದು ದಿನ ಪಂಡಿತರಿಗೆ ತಾಳೆಗರಿ ಸಿಕ್ಕ ಹಾಗೆ ಕಣ್ಣು ಅರಳಿಸಿ ಬರೆದರು: "ಹೋಳಿಗಿ ಮಾಡು."

ವೈನಿ ಬೆರಳಿಟ್ಟು ಓದಿದರು. "ಹೋ... ಳಿ... ಗಿ... ಹೋಳಿಗಿ! ಹೋಳಿಗಿ ಮಾಡು!" ಯಾರ ಸಹಾಯವೂ ಇಲ್ಲದೆ ಗಂಡನ ನಾಲಿಗೆಯ ಆಸೆ ಅವರಿಗೆ ಸಿಕ್ಕಿದ ಮೊದಲ ದಿನ ಅದು. ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ, ಓಣಿಗೆಲ್ಲ ಹೋಳಿಗಿ ಹಂಚಿದರು.

ಆದರೆ ಹೋಳಿಗಿ ತಿಂದು ಎಷ್ಟು ದಿನ ಬದುಕುವುದು? ಮಾಸ್ತರರು ಸೋಲಲಿಲ್ಲ. ದಿನಾ ಬೆಳಿಗ್ಗೆ ಪಾಟಿ ಹಿಡಿದು ಎದುರಿಗೆ ಕೂಡುತ್ತಿದ್ದರು. ಒಂದು ಒತ್ತು ಬರೆಯುವುದು, ತುಟಿ ಆಡಿಸಿ ತೋರಿಸುವುದು, ನೆಲುವಿನಲ್ಲಿದ್ದ ಬೆಣ್ಣೆಯ ಕಡೆ ಕೈ ಮಾಡುವುದು. ವೈನಿ ಅವರ ತುಟಿಯನ್ನೇ ನೋಡುತ್ತ ಕೂಡುತ್ತಿದ್ದರು. "ತಲಿಗೆ ಏನರೆ ಹತ್ತೇತೇನ್ರಿ ವೈನಿ?" ಅಂತ ನಾನು ಕೇಳಿದಾಗಲೆಲ್ಲ ಒಂದೇ ಉತ್ತರ. "ಎಲ್ಲಿ ಹತ್ತತೈತೋ ತಮ್ಮಾ. ದನಿ ಇದ್ರ ಆಗತಿತ್ತು."

ಮೊನ್ನೆ ನನಗೆ ಅವರ ಮನೆಯಲ್ಲೇ ಊಟ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಪಲ್ಯ. ನಾನು ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ನೀರು ಕುಡಿದೆ. ಅತಿಥಿ ಮಾತಾಡಬಾರದು. ಮಾಸ್ತರರು ಒಂದು ತುತ್ತು ತಿಂದರು, ನೀರು ಕುಡಿದರು. ಆಮೇಲೆ ಪಾಟಿ ಎಳೆದುಕೊಂಡು ಒತ್ತಿಗೆ ಒತ್ತು ಕೊಟ್ಟು ಬರೆದರು: "ಪಲ್ಯಾಕ ಉಪ್ಪು ಹೆಚ್ಚಾಗೇತಿ."

ನನಗೆ ಕೊಡಲು ಕೈ ಚಾಚಿದರು. ಅಷ್ಟರಲ್ಲಿ ವೈನಿ ಪಾಟಿಯನ್ನು ನಡುವೆಯೇ ಹಿಡಿದರು. ನೋಡಿದರು. ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಸೆರಗಿನಿಂದ ಇಡೀ ಪಾಟಿಯನ್ನು ಸ್ವಚ್ಛವಾಗಿ ಒರೆಸಿ, ಮಾಸ್ತರರ ಕೈಗೆ ವಾಪಸು ಕೊಟ್ಟರು.

"ಉಪ್ಪೇನ ಹೆಚ್ಚಾಗಿಲ್ರಿ. ಮತ್ತ, ನನಗ ಒತ್ತಕ್ಷರ ಇನ್ನಾ ಓದಾಕ ಬರೂದಿಲ್ಲ."